ತೋಳಿನಳತೆ

ಮೊದಲು ತೋಳು ಚಾಚಿ, ಎಂದೆ.
ಒತಾಕಾರ್ ಕೋಟು ಕಳಚಿ ಚಾಚಿದ.
ಕಂಕುಳಿಂದ ನಡುಬೆರಳ ತುದಿಗೆ ಟೇಪು ಹಿಡಿದೆ:
ಅರವತ್ತೇಳು ಸೆಂಟಿಮೀಟರು.
ಅವನ ಚೀಟಿಯಲ್ಲಿ ಬರೆದದ್ದು ನೂರಿಪ್ಪತ್ತು.

ಒಸ್ತ್ರಾವಾದ ಟ್ರಾಮು ತಿರುಗುವ ಮೂಲೆಯಲ್ಲಿ
ಗಾಜು ಕತ್ತರಿಸುವವಳು ನಾನು.
ಕಿಟಕಿ, ಕನ್ನಡಿ, ಕುಡುಕರು ಒಡೆದ ಅಂಗಡಿಬಾಗಿಲು,
ವರ್ಷಕ್ಕೆ ನಾಲ್ಕೋ ಐದೋ ಮೀನಿನ ತೊಟ್ಟಿ.
ಕಡಲಿಲ್ಲದ ದೇಶ ನಮ್ಮದು.
ಬೇಕೆಂದವರಿಗೆ ಅದು ಪುಡಿಯಾಗಿ ಬರುತ್ತದೆ
ಬಿಳಿ ಬಕೀಟಿನಲ್ಲಿ, ಮುಚ್ಚಳ ಬಿಗಿದು.

ಅಗಲದ್ದು ಬೇಡ, ಎಂದ.
ಅಗಲ ಎಷ್ಟಿದ್ದರೂ ಕೆರೆಯೇ.
ನನಗೆ ಮೀನು ಇಳಿಯುವುದು ಕಾಣಬೇಕು,
ಇಪ್ಪತ್ತಾರು ವರ್ಷ ಬೆಳಗಿನ ಪಾಳಿಗೆ
ಕಲ್ಲಿದ್ದಲ ಗಣಿಯ ಲಿಫ್ಟಿನಲ್ಲಿ
ನಾವು ಇಳಿದ ಹಾಗೆ,
ಮಾತಿಲ್ಲದೆ, ಒಬ್ಬರಿಗೊಬ್ಬರು ತಾಗಿಕೊಂಡು.

ಬಿಲ್ಲಿನ ಬೆನ್ನಿಗೆ ಲೆಕ್ಕ ಹಾಕಿದೆ.
ನೋಡಿ, ಗಾಜಿಗೆ ಲೀಟರು ಗೊತ್ತಿಲ್ಲ,
ಎತ್ತರ ಮಾತ್ರ ಗೊತ್ತು.
ನೀರು ನಿಂತಷ್ಟೂ ಬುಡದಲ್ಲಿ ಒದೆಯುತ್ತದೆ.
ಹದಿನೈದು ಮಿಲಿಮೀಟರು ದಪ್ಪ, ಅದಕ್ಕೂ ನನಗೆ ನಿದ್ದೆ ಬರದು.
ನೀರು, ಗಾಜು, ಬಂಡೆ, ಕಬ್ಬಿಣದ ಕಾಲು
ಎಲ್ಲ ಸೇರಿ ಆರುನೂರ ನಲವತ್ತು ಕೆಜಿ,
ಎರಡಡಿ ಚೌಕದ ಮೇಲೆ.
ಎಂಟು ಗಂಡಸರು ಒಂದು ಮಣೆಯ ಮೇಲೆ
ನಿಂತೇ ಇದ್ದ ಹಾಗೆ, ಹಗಲೂ ಇರುಳೂ,
ಯಾರೂ ಇಳಿಯದೆ.
ಕೆಳಮನೆಯ ಕ್ವೆತೂಶೆಯನ್ನು ಕೇಳಿದಿರಾ?
ಅವಳ ಹಾಸಿಗೆ ಎಲ್ಲಿದೆ?

ಕೇಳಿಲ್ಲ.

ದೀಪ? ತಳಕ್ಕೆ ಬೆಳಕು ಮುಟ್ಟಿಸಲು
ಮೂರು ತಿಂಗಳ ಪಿಂಚಣಿ ಬೇಕು.
ಮತ್ತೆ, ಎತ್ತರದ ತೊಟ್ಟಿಗೆ ಮೂಗು ಸಣ್ಣದು:
ಮೇಲಿನ ಆ ಚೂರು ಚೌಕದಲ್ಲೇ
ಅಷ್ಟೂ ನೀರು ಉಸಿರಾಡಬೇಕು.
ಹಾಗಿದ್ದರೆ ನನ್ನ ಜಾತಿಯೇ, ಎಂದು ನಕ್ಕ.
ನಗು ಕೆಮ್ಮಾಯಿತು. ಸ್ಟೂಲು ಎಳೆದುಕೊಟ್ಟೆ.

ತಳದಲ್ಲಿ ಏನಾದರೂ ಸತ್ತರೆ?
ಹವಳದ ತುಂಡು ಉರುಳಿ ಬಿದ್ದರೆ?
ಉದ್ದನೆಯ ಇಕ್ಕಳ ಸಿಗುತ್ತದಂತೆ, ಎಂದ.
ಹಿಡಿದು ತೋರಿಸಲು ನನ್ನ ಅಳತೆಕೋಲು ಎತ್ತಿಕೊಂಡ.
ಡ್ರಿಲ್ಲು ಹಿಡಿದ ಕೈ.
ಹಿಡಿಯಲ್ಲಿ ಎಳ್ಳಷ್ಟು ನಡುಕ,
ಕೋಲಿನ ತುದಿಯಲ್ಲಿ ಅದು ಗೇಣುದ್ದ.
ಇಬ್ಬರೂ ನೋಡಿದೆವು.
ಅವನು ಕೋಲನ್ನು ಮೆಲ್ಲಗೆ ಕೆಳಗಿಟ್ಟ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ.
ಕಾಲಿಗೆ ಸರಿ. ತೋಳಿನ ಮಾತು ಬೇರೆ.
ಅಡ್ಡ ತೊಟ್ಟಿಯೊಂದರ ಚಿತ್ರ ಗೀಚಿದೆ:
ಉದ್ದ ನೂರಿಪ್ಪತ್ತು, ಎತ್ತರ ಐವತ್ತು,
ಕೈಗೂ ನೆಲಕ್ಕೂ ದೀಪಕ್ಕೂ ಸುಖ.
ಅವನು ತಲೆಯಾಡಿಸಿದ.
ಅದು ಮಲಗಿದ ಕಡಲು, ತಾಯಿ.
ಆಸ್ಪತ್ರೆಯಲ್ಲಿ ಮಲಗಿದ್ದವರನ್ನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಹೇಳಿದ, ನನ್ನ ಕಡೆ ನೋಡದೆ:
ಬೆಳಕೇ ಬೇಡದ ಹವಳ ಒಂದುಂಟಂತೆ,
ಕಿತ್ತಳೆ ಬಣ್ಣದ್ದು. ಕತ್ತಲಾದ ಮೇಲೆ ಬಾಯಿ ಬಿಡುತ್ತದಂತೆ,
ಒಂದಲ್ಲ, ನೂರು ಬಾಯಿ.
ಒಂದೊಂದಕ್ಕೂ ಬೇರೆ ಬೇರೆ ತುತ್ತು ಇಡಬೇಕಂತೆ.
ದೀಪದ ಖರ್ಚು ಅಲ್ಲಿಗೆ ಉಳಿಯಿತಲ್ಲ?

ದೀಪದ್ದು ಉಳಿಯಿತು. ತೋಳಿನದ್ದು ಉಳಿಯಲಿಲ್ಲ.

ಟ್ರಾಮು ಒಂದು ಹೋಯಿತು. ಕಪಾಟಿನ ಗಾಜುಗಳೆಲ್ಲ
ಹಲ್ಲು ಕಡಿದವು.
ಕಿವಿ ನೆನೆಸಿದರೆ? ಎಂದ ಥಟ್ಟನೆ.
ಏನು?
ತೊಟ್ಟಿಯ ಅಂಚಿಗೆ ಕೆನ್ನೆ ಒತ್ತಿ,
ಭುಜ ಮುಳುಗಿಸಿ, ಕಿವಿ ನೆನೆಯಲಿ ಬಿಡು, ಆಗ ಎಷ್ಟು?

ನನ್ನ ಮೇಜಿನ ಅಂಚಿಗೇ ಕೆನ್ನೆಯಿಟ್ಟ,
ಎಪ್ಪತ್ತೊಂದರ ಮನುಷ್ಯ, ಕಣ್ಣು ಮುಚ್ಚಿ.
ತೋಳು ಜೋತುಬಿತ್ತು.
ನಾನು ನೆಲದ ಮೇಲೆ ಮಂಡಿಯೂರಿ ಟೇಪು ಹಿಡಿದೆ.
ಎಪ್ಪತ್ತನಾಲ್ಕು.
ಮರಳಿಗೆ ಆರು ಸೇರಿಸಿದರೆ, ಎಂಬತ್ತು.

ಬಿಲ್ಲಿನಲ್ಲಿ ಎಂಬತ್ತು ಎಂದು ಬರೆದೆ, ಪಕ್ಕದಲ್ಲಿ ಕ್ವೆತೂಶೆ ಎಂದು,
ಅದರ ಮುಂದೊಂದು ಪ್ರಶ್ನೆಚಿಹ್ನೆ.
ಮುಂಗಡ ಇನ್ನೂ ಕೊಟ್ಟಿಲ್ಲ.
ಏಳಿ, ಆಯಿತು, ಎಂದೆ.
ಅವನು ಏಳಲಿಲ್ಲ.
ಮೇಜಿನ ಕೆಳಗೆ, ನನ್ನ ಮುಖದೆದುರಿಗೆ,
ಅವನ ಐದು ಬೆರಳೂ ಒಟ್ಟುಗೂಡಿದವು,
ಏನನ್ನೋ ಚಿಟಿಕೆಯಲ್ಲಿ ಹಿಡಿದು
ಒಂದು ಬಾಯಿಗೆ ಇಟ್ಟವು, ಬಿಚ್ಚಿದವು,
ಮತ್ತೆ ಒಟ್ಟುಗೂಡಿದವು.