ಪಾತಾಳಗರಡಿ

ಅಪ್ಪ ಇವತ್ತೂ ಕೇಳಿದ,
ಬಲೆಯ ಹರಕು ಹೊಲಿಯುತ್ತ, ತಲೆಯೆತ್ತದೆ:
"ಏನಾದರೂ ಬಿತ್ತೇನೇ, ನುಂತ್ಸಿಯಾ?"
"ಒಂದು."
"ಎಷ್ಟು ತೂಕ?"
"ತೂಕವೇ ಇಲ್ಲವೆಂದು ಬಹಳ ಕಾಲ ನಂಬಿದ್ದರು."
ಹಲ್ಲಲ್ಲಿ ದಾರ ಕಡಿದ.
ಪೋರ್ತೊಪಾಲೊದ ದಕ್ಕೆಯಲ್ಲಿ
ಇಂಥದಕ್ಕೆ ಹರಾಜು ಕೂಗುವವರಿಲ್ಲ.

ಬಾವಿಗೆ ಬಿದ್ದ ಕೊಡಕ್ಕೆ ಪಾತಾಳಗರಡಿ.
ಬಾನಿನಿಂದ ಬಿದ್ದದ್ದಕ್ಕೂ ಅದೇ.
ಮೂರೂವರೆ ಸಾವಿರ ಮೀಟರ್ ಕೆಳಗೆ, ಆ ಕಗ್ಗತ್ತಲಲ್ಲಿ
ನಾವು ಇಳಿಬಿಟ್ಟ ಗಾಜಿನ ಗುಂಡುಗಳು.
ಗುಂಡಿನ ತುಂಬ ಕಣ್ಣು, ಹೆಚ್ಚಿನವು ನೆಲ ನೋಡುತ್ತವೆ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅನ್ನುತ್ತಾರಲ್ಲ,
ಇವಕ್ಕೆ ನಿಜವಾಗಿಯೂ ಬಿಟ್ಟಿದ್ದೇವೆ
ಒಂದು ತಿಳಿಯಾದ ಅಂಟು, ರೆಪ್ಪೆ ಮುಚ್ಚದ ಹಾಗೆ.

ನಕ್ಷತ್ರ ಬೇಕಾದವರು ನೆಲ ನೋಡುವುದೇಕೆ
ಎಂದು ಪಾದ್ರಿಯೂ ಕೇಳಿದ್ದರು.
ಮೇಲಿಂದ ಸುರಿಯುವುದು ಬರೀ ಗದ್ದಲ.
ಭೂಮಿಯಿಡೀ ನಮಗೊಂದು ಜರಡಿ:
ಕಲ್ಲು, ಕಾದ ಕಬ್ಬಿಣ, ಮತ್ತೆ ಕಲ್ಲು
ಎಲ್ಲ ಹಾಯ್ದು ಆ ಕಡೆಯಿಂದ ಈ ಕಡೆಗೆ
ಬಾಗಿಲು ಕೇಳದೆ ಬರುವುದು ಅದೊಂದೇ.
ಆಮೇಲೂ ಸುಲಭವಲ್ಲ. ಉಪ್ಪು ಮಿಣುಕುತ್ತದೆ.
ಹೆಸರಿಡದ ಯಾವುದೋ ಲೋಳೆಜೀವ
ಹಗ್ಗಕ್ಕೆ ತಾಗಿ, ಹೆದರಿ, ದೀಪ ಹಚ್ಚುತ್ತದೆ.
ಅದನ್ನೆಲ್ಲ ಕಳೆಯುವುದೇ ನನ್ನ ಸಂಬಳ.

ಜೂನ್. ಮಂಗಳವಾರ. ಹನ್ನೊಂದು ಐವತ್ತು.
ಹೊರಗೆ ಬಿಸಿಲಿಗೆ ದೋಣಿಗಳ ಬಣ್ಣ ಏಳುತ್ತಿತ್ತು.
ತಳದಿಂದ ಮೇಲಕ್ಕೆ ನೀಲಿಯ ಒಂದು ಗೀರು,
ಕಡ್ಡಿ ಗೀರಿದಷ್ಟೂ ಅಲ್ಲ.
ಎರಡು ಅಂಕಿ ಬರೆದೆ, ಸುತ್ತ ಒಂದು ವೃತ್ತ,
ಎರಡು ಹುಣ್ಣಿಮೆ ಹಿಡಿಸುವಷ್ಟು ಅನುಮಾನ.
ಸುದ್ದಿ ತರುವವಳು ಎಂದೇ ನನ್ನ ಹೆಸರು.
ಕಳಿಸಿದೆ.

ಚಿಲಿಯಲ್ಲಿ ಬೆಳಗಾಗುತ್ತಿತ್ತು, ಗುಮ್ಮಟ ಮುಚ್ಚುತ್ತಿದ್ದರು.
ನಮೀಬಿಯಾದವರಿಗೆ ನಡುಹಗಲು.
ಉಪಗ್ರಹದವರು ಹೋದ ವಾರದ ಕಡತ ತೆರೆದರು.
ರಾತ್ರಿಯಿದ್ದದ್ದು ತೆಕಾಪೊ ಗುಡ್ಡದಲ್ಲಿ, ಮೆರೆಯಾನಳಿಗೆ.
ನಮ್ಮ ಪಾತಾಳ ಅವಳ ನೆತ್ತಿಯ ಕಡೆಗೆ ಏರುತ್ತಿತ್ತು.
ನನಗೆ ಗೊತ್ತಿದ್ದದ್ದು ಯಾವ ಬೀದಿ ಅಂತ ಮಾತ್ರ.
ಮನೆ ಯಾವುದು, ದೀಪ ಉರಿಯುತ್ತಿದೆಯೆ,
ಅದನ್ನು ಅವಳೇ ಹೇಳಬೇಕು.

"ಮೋಡ" ಎಂದು ಬರೆದಳು.
ಅರ್ಧ ಗಂಟೆಗೆ: "ಇನ್ನೂ ಮೋಡ. ಸಾರು ಬಿಸಿ ಮಾಡಿಕೊಂಡೆ."
ಮರುದಿನ ಹಿಮ.
ಮೂರನೆಯ ರಾತ್ರಿ ಏಳು ನಿಮಿಷದ ಒಂದು ಬಿರುಕು,
ಅದರೊಳಗೆ ಹಳೆಯ ಚಿತ್ರಗಳಲ್ಲೂ ಇದ್ದ ಮಸುಕು ಚುಕ್ಕೆ,
ಈಗ ತುಸು ಹೆಚ್ಚು ಬೆಳ್ಳಗೆ.
"ಇರಬಹುದು" ಎಂದಳು.
ಆ ಒಂದು ಪದದ ಕೆಳಗೆ
ಎಂಟುನೂರು ಜನ ರುಜು ಹಾಕಲಿದ್ದೇವೆ,
ಅಕ್ಷರಾನುಕ್ರಮದಲ್ಲಿ, ಆರೇಳು ದೇಶದವರು,
ಒಬ್ಬರ ಮುಖ ಒಬ್ಬರು ಕಾಣದವರು.
ಮೂರಕ್ಕೊಂದು ಹುಸಿಯಾಗುವುದೂ ಉಂಟು.

ಅಪ್ಪನಿಗೆ ಹಿಡಿಸಿದ್ದು ಬೇರೆಯೇ:
ನಮ್ಮ ಹಗ್ಗಕ್ಕೆ ಕಟ್ಟಿದ ಕಿವಿಗಳಲ್ಲಿ
ತಿಮಿಂಗಿಲದ ಟಕಟಕ ಸಿಕ್ಕಿದ್ದು.
ಇವು ರಾತ್ರಿ ಇಲ್ಲಿಂದಲೇ ಹಾಯುತ್ತವೆ
ಎಂದು ಮೂವತ್ತು ವರ್ಷದ ಹಿಂದೆ ಹೇಳಿ
ಹೋಟೆಲಿನಲ್ಲಿ ನಗೆಪಾಟಲಾಗಿದ್ದ.
ಧ್ವನಿ ಹಾಕಿ ಕೇಳಿಸಿದೆ. ಎರಡು ಸಲ ಕೇಳಿದ.
ಮೂರನೆಯ ಸಲ ಕಣ್ಣು ಮುಚ್ಚಿಕೊಂಡ.

"ಆ ಹುಡುಗಿ ಎಲ್ಲಿರುವುದು?"
ಅವನ ಕುರ್ಚಿಯ ಕೆಳಗೆ ಬೆರಳು ತೋರಿಸಿದೆ.
"ನೇರ ಕೆಳಗೆ?"
"ಹೆಚ್ಚೂ ಕಮ್ಮಿ."
ರಬ್ಬರ್ ಬೂಟು ಕಳಚಿದ,
ಬರಿಯ ಅಂಗಾಲನ್ನು ನೆಲಕ್ಕೆ ಊರಿದ.
"ತಣ್ಣಗಿದೆ" ಅಂದ.
"ಅಲ್ಲಿ ಹಿಮ" ಅಂದೆ.