ಒಂದೂವರೆ ಲೀಟರು

ಹೃದಯದ ಡಾಕ್ಟರು ಚೀಟಿಯಲ್ಲಿ ಬರೆದಿದ್ದಾರೆ
ದಿನಕ್ಕೆ ಒಂದೂವರೆ ಲೀಟರು, ಅಷ್ಟೇ,
ಕಾಫಿ, ಸಾರು, ಮಜ್ಜಿಗೆ ಎಲ್ಲ ಅದರೊಳಗೇ ಲೆಕ್ಕ.
ರೇಡಿಯೋದವಳು ದಿನಕ್ಕೆ ಮೂರು ಸಲ ಹೇಳುತ್ತಾಳೆ
ಬಿಸಿಗಾಳಿಯಿದೆ, ವಯಸ್ಸಾದವರು
ಬಾಯಾರದಿದ್ದರೂ ನೀರು ಕುಡಿಯುತ್ತಿರಿ.
ಇಬ್ಬರ ನಡುವೆ ನಾನು,
ಎಪ್ಪತ್ನಾಲ್ಕರವನು, ಬಾಯಾರಿದವನು.

ಅಕ್ಕ ಹನುಮಕ್ಕನಿಗೆ ಎಂಬತ್ತೊಂದು.
ಬಾಟಲಿಗೆ ಗೆರೆ ಎಳೆದವಳು ಅವಳೇ,
ಪಕ್ಕದ ಮನೆ ಹುಡುಗಿಯ ಉಗುರುಬಣ್ಣದಲ್ಲಿ.
ಇಲ್ಲಿಗೆ ತಿಂಡಿ, ಇಲ್ಲಿಗೆ ಊಟ, ಇಲ್ಲಿಗೆ ಸಂಜೆ,
ತಳದ್ದು ರಾತ್ರಿ ಮಾತ್ರೆಗೆ.
ಮಜ್ಜಿಗೆ ಕದ್ದು ಕುಡಿದರೆ ಮೀಸೆ ಚಾಡಿ ಹೇಳುತ್ತದೆ.
ಕಲ್ಲಂಗಡಿ ಹಣ್ಣೋ ನೀರೋ ಎಂದು
ಒಂದು ಮಧ್ಯಾಹ್ನ ಪೂರ್ತಿ ಜಗಳವಾಡಿದೆವು.
ಜಗಳಕ್ಕೆ ಬಾಯಿ ಇನ್ನಷ್ಟು ಒಣಗಿತು.
ಈಗ ನಾಲಗೆಯಡಿ ಒಂದು ಏಲಕ್ಕಿ ಇಟ್ಟುಕೊಂಡು
ಇಬ್ಬರೂ ಸುಮ್ಮನಿರುತ್ತೇವೆ.

ಏಕಶಿಲೆ, ಏಕಶಿಲೆ ಎಂದು
ಮಧುಗಿರಿಗೆ ಬೆಟ್ಟ ನೋಡಲು ಬರುವವರು
ಸಂಜೆ ಬಸ್ಸಿಗೆ ಹೋಗಿಬಿಡುತ್ತಾರೆ.
ಅದು ಹಗಲೆಲ್ಲ ಪಡೆದದ್ದನ್ನು
ರಾತ್ರಿಯೆಲ್ಲ ನಮಗೆ ತೀರಿಸುವುದು, ಬಡ್ಡಿ ಸಮೇತ,
ಅವರಿಗೆ ಗೊತ್ತಿಲ್ಲ.
ತಾರಸಿಯಲ್ಲಿ ಒದ್ದೆ ಪಂಚೆ ಹೊದ್ದು ಮಲಗಿದರೆ
ಬೆಟ್ಟದ ಕಡೆಯ ಕೆನ್ನೆಗೆ ಒಂದು ಬಿಸಿ,
ಬಸ್ ಸ್ಟ್ಯಾಂಡಿನ ಕಡೆಯ ಕೆನ್ನೆಗೆ ಇನ್ನೊಂದು.
ನಡುರಾತ್ರಿ ಅಕ್ಕ ಕೇಳುತ್ತಾಳೆ, ಎಚ್ಚರ ಇದ್ದೀಯೇನೋ?
ಇದ್ದೀನಿ ಅಂತೀನಿ.
ಸರಿ ಹಾಗಾದರೆ ಎಂದು ಮಗ್ಗುಲಾಗುತ್ತಾಳೆ.

ಇವತ್ತು ಎರಡೂವರೆಗೆ ಕರೆಂಟು ಹೋಯಿತು.
ಫ್ಯಾನು ಕೊನೆಯ ನಾಲ್ಕು ಸುತ್ತನ್ನು
ಎಣಿಸಿಕೊಡುವವನಂತೆ ಕೊಟ್ಟು ನಿಂತಿತು.
ವಠಾರದ ಆರು ಬಾಗಿಲೂ ತೆರೆದವು.
ಚಿಕ್ಕರಂಗಪ್ಪಾರೇ, ಯಾವಾಗ ಬರುತ್ತೆ?
ತೆಗೆದವನು ನಾನೇ ಎಂಬಂತೆ!
ಮೂವತ್ತೆಂಟು ವರ್ಷ ಕಂಬ ಹತ್ತಿದ ತಪ್ಪಿಗೆ
ರಿಟೈರಾಗಿ ಹದಿನಾರಾದರೂ
ಕತ್ತಲಾದರೆ ನನ್ನ ಹೆಸರೇ ನೆನಪಾಗುತ್ತದೆ ಇವರಿಗೆ.
ಮೂಲೆಯ ಟ್ರಾನ್ಸ್‌ಫಾರ್ಮರು ಅಂದೆ.
ಬೀದಿಗೆಲ್ಲ ಕೂಲರು ಬಂದಿವೆ, ಅದೊಂದು ಮಾತ್ರ ಹಳೆಯದು.
ಒಳಗೆ ಎಣ್ಣೆ ಕಾದಿರುತ್ತದೆ.
ಇದ್ದಷ್ಟು ಎಣ್ಣೆಯಲ್ಲೇ ತಣಿಯಬೇಕು ಪಾಪ,
ಮೇಲೆ ಸುರಿಯುವಂತಿಲ್ಲ.
ಅಕ್ಕ ನನ್ನ ಬಾಟಲಿ ನೋಡಿ ನಕ್ಕಳು.

ಕಿಟಕಿಯ ಒದ್ದೆ ಗೋಣಿತಾಟು ಸರಿಸಿ ಕಂಡೆ,
ಹುಡುಗನೊಬ್ಬ ಏಣಿ ಏರುತ್ತಿದ್ದ.
ಒಂದು ಕೈಗೆ ಗ್ಲೌಸು, ಇನ್ನೊಂದಕ್ಕೆ ಇಲ್ಲ.
ಆ ಹೊತ್ತಿನ ಕಬ್ಬಿಣ ಹೇಗಿರುತ್ತದೆಂದು
ನನ್ನ ಅಂಗೈಗೆ ಇನ್ನೂ ನೆನಪಿದೆ.
ಹನ್ನೊಂದರಿಂದ ನಾಲ್ಕು ಹೊಸ್ತಿಲು ದಾಟಬೇಡಿ,
ಅದೂ ಚೀಟಿಯಲ್ಲಿದೆ, ಕೆಳಗೆ ಎರಡು ಗೆರೆ ಎಳೆದು.
ಅಕ್ಕನ ಕೊಡೆ, ತಲೆಗೆ ನೆನೆಸಿದ ಟವೆಲು,
ಒಂದು ಚೊಂಬು ಮಜ್ಜಿಗೆ.
ಸಾಯಕ್ಕೆ ಹೋಗ್ತಿದ್ದೀಯಾ ಎಂದು ಕೂಗಿದವಳೇ
ಉಪ್ಪು ಹಾಕಿಲ್ಲ ನಿಲ್ಲು ಎಂದಳು.

ಮೂವತ್ತು ಹೆಜ್ಜೆ ಇರಬೇಕು. ಎರಡು ಕಡೆ ನಿಂತೆ.
ಯಾರೂ ಹೇಳದಿದ್ದರೂ ಏಣಿ ಹಿಡಿದುಕೊಂಡೆ.
ಬಿಡಿ ಅಜ್ಜ ಅಂದ ಹುಡುಗ, ಬಿಡಲಿಲ್ಲ.
ಇಳಿದು ಬಂದು ಚೊಂಬು ಎತ್ತಿ ಸುರಿದುಕೊಂಡ,
ತುಟಿಗೆ ತಾಗಿಸದೆ, ಒಂದೇ ಉಸಿರಿಗೆ.
ಅವನ ಗಂಟಲು ಏರಿಳಿಯುವುದನ್ನು ನೋಡುತ್ತ
ನಾನೂ ಒಂದು ಸಲ ನುಂಗಿದೆ.
ಇನ್ನೊಂದು ಗ್ಲೌಸು ಎಲ್ಲಿ ಎಂದು ಬೈದೆ.
ಆಫೀಸಿನಲ್ಲೇ ಇಲ್ಲ ಅಂದ. ನನ್ನ ಕಾಲದಲ್ಲೂ ಇರಲಿಲ್ಲ.

ಒಳಗೆ ಬಂದು ಕೂತರೆ ಅಕ್ಕ
ನನ್ನ ಹಿಮ್ಮಡಿಯ ಪಕ್ಕ ಹೆಬ್ಬೆರಳು ಒತ್ತಿ ನೋಡಿದಳು.
ಗುಳಿ ಬಿತ್ತು, ನಿಧಾನವಾಗಿ ತುಂಬಿಕೊಂಡಿತು.
ಪರವಾಗಿಲ್ಲ ಅಂದಳೋ, ನಿಟ್ಟುಸಿರೋ.
ನೆತ್ತಿಗೆ ಒಂದು ಚೊಂಬು ನೀರು ಸುರಿದಳು,
ಹೊರಗಿನದಕ್ಕೆ ಲೆಕ್ಕವಿಲ್ಲವಲ್ಲ.

ಮೂರು ಹತ್ತಕ್ಕೆ ಫ್ಯಾನು ಅಲುಗಿತು.
ವಠಾರ ಹೋ ಎಂದಿತು.
ಇಪ್ಪತ್ತು ನಿಮಿಷ ಇತ್ತು, ಮತ್ತೆ ಹೋಯಿತು.
ಆ ಇಪ್ಪತ್ತು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ,
ಗಾಳಿ ಹಾಳಾಗದಿರಲಿ ಎಂದು.