ಮುಂದಿನ ಗಾಜು

ಕರೆಂಟು ಬಿಲ್ಲಿನ ಬೆನ್ನಿಗೆ ನಕ್ಷೆ ಗೀಚಿದ್ದೇನೆ:
ಮೇಲೆ ಕಾರವಾರ, ಕೆಳಗೆ ಅಂಕೋಲೆ,
ನಡುವೆ ಬಿಣಗಾ ಸುರಂಗ.
ಅಲ್ಲಿ ದೀಪ ಹಾಕಬೇಕು, ಉಸಿರು ಬಿಡುವುದು ಮರೆಯಬಾರದು.

ಮೀನಿನ ಲಾರಿಗಳಿಗಿಂತ ಮೊದಲೇ ಹೊರಡುವುದು.
ಅವರ್ಸೆಯಲ್ಲಿ ದನ ಮಲಗಿದ್ದರೆ
ಅದಕ್ಕೆ ಬೇಜಾರು ಬರುವ ತನಕ ಕಾಯುವುದು.
ಹಟ್ಟಿಕೇರಿ ಟೋಲಿಗೆ ಚಿಲ್ಲರೆ.
"ಫಾಸ್ಟ್ಯಾಗ್ ಉಂಟಲ್ಲೇ ಮಾರಾಯ್ತಿ," ಶಾಂಬಾ ನಕ್ಕ.
ಇರಲಿ. ಚಿಲ್ಲರೆ ಎಣಿಸದೆ ನನ್ನ ಕೈಗೆ ದಾರಿ ಸಾಗದು.

ಇಪ್ಪತ್ತೆರಡು ವರ್ಷ ಇದೇ ಹೆದ್ದಾರಿಯಲ್ಲಿ
ಟಿಕೆಟು ಹರಿದವಳು ನಾನು,
ಡ್ರೈವರಿಗೆ ಬೆನ್ನು ಹಾಕಿ, ಜನರಿಗೆ ಮುಖ ಮಾಡಿ.
ಊರುಗಳೆಲ್ಲ ಹಿಂದೆ ಸರಿದದ್ದನ್ನೇ ಕಂಡೆ;
ಎದುರಾಗಿ ಬಂದ ಒಂದೂರನ್ನೂ ನೋಡಿಲ್ಲ.

ನಾಡಿದ್ದು, ಆರು ಗಂಟೆಗೆ.
ಹಾರವಾಡದಲ್ಲಿ ಯಾರಾದರೂ ಕೈ ಮಾಡಿದರೆ
ನಿಲ್ಲಿಸಿಯೇ ನಿಲ್ಲಿಸುತ್ತೇನೆ.
ಹಿಂದಿನ ಸೀಟಿನ ಸಾಮಾನು ತೆಗೆದಿಡು, ಶಾಂಬಾ.